ಅಪ್ಪನ ಬಸ್ಸಿಗೆ ಎರಡು ಕಂಟ್ರೋಲರ್

"ನಗ್ತಿದೀರಾ? ನಗಿ, ನಗಿ! ಮೂರು ಗಂಟೆಯಿಂದ ನಾನಿಲ್ಲಿ ಒದ್ದಾಡ್ತಾ ಇದೀನಿ, ನಿಮಗೆ ನಗು ಬೇರೆ!"

ಬಾಗಿಲು ತೆರೆದು ಐದು ನಿಮಿಷವಾಗಿರಲಿಲ್ಲ, ಪುಟ್ಟಿ ಕಂಪ್ಯೂಟರ್ ರಿಪೇರಿಯವನ ಮೇಲೆ ಹರಿಹಾಯ್ದಿದ್ದಳು. ಕೈಯಲ್ಲೊಂದು ಕಪ್ಪು ವೈರು, ಕೆನ್ನೆ ಮೇಲೆ ಆಗಷ್ಟೇ ಒರೆಸಿಕೊಂಡ ಕಣ್ಣೀರು, ಮೇಜಿನ ಕೆಳಗೆ ನುಸುಳಿ ಬಂದ ಗುರುತಿಗೆ ಕೂದಲ ತುಂಬ ಧೂಳು.

ಪಾಪ, ಅವನೇನು ಬೇಕಂತ ನಕ್ಕವನಲ್ಲ.

"ಸಾರಿ ಮೇಡಂ, ನಿಮ್ಮನ್ನ ನೋಡಿ ನಗಲಿಲ್ಲ. ಇದೇ ತಪ್ಪನ್ನ ನಾನೂ ಮಾಡಿದ್ದೆ. ಇಡೀ ಭಾನುವಾರ ಹಾಳಾಗಿತ್ತು."

"ಏನು ತಪ್ಪು? ಈ ಕಡೆ ಗೇಮ್ ಕನ್ಸೋಲ್, ಆ ಕಡೆ ಕಂಪ್ಯೂಟರ್. ವೈರು ಎರಡೂ ಕಡೆ ಸರಿಯಾಗಿ ಕೂತಿದೆ. ಚಿತ್ರ ಮಾತ್ರ ಬರಲ್ಲ ಅಂತ ಹಟ!"

"ಬರಲ್ಲ ಮೇಡಂ. ಕನ್ಸೋಲಿಂದ ಚಿತ್ರ ಹೊರಗೆ ಬರುತ್ತೆ. ನಿಮ್ಮ ಕಂಪ್ಯೂಟರಿನ ಈ ತೂತಿಂದಲೂ ಹೊರಗೇ ಬರುತ್ತೆ, ಒಳಗೆ ಹೋಗಲ್ಲ. ಎರಡಕ್ಕೂ ಮಾತಾಡೋದಷ್ಟೇ ಗೊತ್ತು, ಕೇಳಿಸ್ಕೊಳ್ಳೋಕೆ ಬರಲ್ಲ. ನಡುವೆ ಒಂದು ಸಣ್ಣ ಡಬ್ಬಿ ಬೇಕು, ಕ್ಯಾಪ್ಚರ್ ಕಾರ್ಡ್ ಅಂತ. ಅದು ಕೇಳಿಸ್ಕೊಂಡು ಕಂಪ್ಯೂಟರಿಗೆ ಹೇಳುತ್ತೆ."

ಪುಟ್ಟಿ ಕೈಯಲ್ಲಿದ್ದ ವೈರನ್ನೊಮ್ಮೆ, ಅವನ ಮುಖವನ್ನೊಮ್ಮೆ ನೋಡಿದಳು. ಮೂರು ಗಂಟೆ! ಔಷಧಿ ಅಂಗಡಿಯಲ್ಲಿ ಡಾಕ್ಟರ ಕೋಳಿಕಾಲು ಅಕ್ಷರವನ್ನೇ ಪಟಪಟ ಓದುವವಳು, ಒಂದು ತೂತಿನ ಮುಂದೆ ಸೋತು ಕೂತಿದ್ದಳು.

ಅವಳು ಮತ್ತೆ ಅಳತೊಡಗಿದಳು. ರಿಪೇರಿಯವನಿಗೆ ಗಾಬರಿಯಾಯಿತು.

"ಅಯ್ಯೋ ಮೇಡಂ... ಒಂದು ಆಟಕ್ಕೆ ಯಾರಾದ್ರೂ ಅಳ್ತಾರಾ?"

"ಆಟ ಅಲ್ಲ ಅದು!" ಎಂದವಳೇ ಪಕ್ಕದ ಕೋಣೆಯ ಕಡೆ ಕೈ ತೋರಿಸಿದಳು. "ಅಪ್ಪನ ಕೈ ಅದು..."

ಕೋಣೆಯಲ್ಲಿ ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಮೂವತ್ತೆರಡು ವರ್ಷ ಬಸ್ಸು ಓಡಿಸಿದ ಜೀವ. ಐದು ತಿಂಗಳ ಹಿಂದೆ ಸ್ಟ್ರೋಕ್ ಆಗಿ ಬಲಗೈ ಬಿದ್ದುಹೋಗಿತ್ತು. ಫಿಸಿಯೋ ಮೇಡಂ ರಬ್ಬರ್ ಚೆಂಡು ಕೊಟ್ಟು ಹಿಸುಕಿ ಅಂದರೆ, "ನಾನೇನು ಹಾಲು ಕುಡಿಯೋ ಮಗೂನಾ?" ಎಂದು ಎಸೆದಿದ್ದರು. ಅವರ ಬೆರಳು ಒಂದಿಷ್ಟು ಆಡಿದ್ದು ಒಂದೇ ಒಂದು ಆಸೆಗೆ. ಭಾವ ಬಿಟ್ಟುಹೋಗಿದ್ದ ಹಳೆ ಕನ್ಸೋಲಿನಲ್ಲಿ ಬಸ್ಸು ಓಡಿಸುವ ಗೇಮ್ ಇತ್ತು. ಕೈಯಲ್ಲಿ ಹಿಡಿದು ಆಡಿಸುವ ಕಂಟ್ರೋಲರಿನ ಬಲ ತುದಿಯ ಗುಂಡಿಯನ್ನು ತೋರುಬೆರಳಲ್ಲಿ ಒತ್ತಿದರೆ ಬಸ್ಸು ಮುಂದೆ ಹೋಗುತ್ತಿತ್ತು!

ಆದರೆ ಅವರ ಗ್ರಹಚಾರ ನೋಡಿ. ಒಂದು ವಾರ ಆಡಿದ್ದರೋ ಇಲ್ಲವೋ, ನಡುಮನೆಯಲ್ಲಿ ಜಾರಿದರು. ಆಸರೆಗೆ ಟಿವಿ ಹಿಡಿದರು, ಟಿವಿಯೂ ಅವರ ಜೊತೆಗೇ ನೆಲಕ್ಕೆ ಬಿದ್ದು ಒಡೆಯಿತು. ಅಂದಿನಿಂದ ಅವರು ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ಮನೆಯಲ್ಲಿ ಉಳಿದಿದ್ದದ್ದು ಪರದೆ, ಯಂತ್ರ ಎರಡೂ ಒಂದೇ ಆದ ಈ ಕಂಪ್ಯೂಟರ್ ಒಂದೇ; ಚಿತ್ರ ಬಂದರೆ ಅದನ್ನೇ ಅಪ್ಪನ ಕೋಣೆಗೆ ಒಯ್ಯಬೇಕೆಂದಿದ್ದಳು.

"ಇನ್ನೊಂದು ತಿಂಗಳಲ್ಲಿ ಬೆರಳು ಆಡದಿದ್ರೆ ಹಾಗೇ ಬಿಗಿದುಕೊಂಡು ಬಿಡುತ್ತಂತೆ. ಆಮೇಲೆ ಯಾರು ಏನು ಮಾಡಿದ್ರೂ ಬಿಡಿಸೋಕಾಗಲ್ಲ ಅಂತ ಫಿಸಿಯೋ ಮೇಡಂ ಅಂದಿದಾರೆ..." ಪುಟ್ಟಿ ವೈರನ್ನು ಮೇಜಿನ ಮೇಲಿಟ್ಟಳು.

ಅವನು ನಗು ನುಂಗಿಕೊಂಡ. "ಮಂಗಳವಾರ ಡಬ್ಬಿ ತರ್ತೀನಿ ಮೇಡಂ," ಎಂದಷ್ಟೇ ಹೇಳಿ ಮೆಟ್ಟಿಲಿಳಿದು ಹೋದ.

*

ಮಂಗಳವಾರ ಸಂಜೆ ಆರಕ್ಕೆ, ಅಪ್ಪನ ಕೋಣೆಗೆ ತಂದಿಟ್ಟ ಕಂಪ್ಯೂಟರಿನ ಪರದೆ ಮೇಲೆ ಹಸಿರು ಬಸ್ಸು ಬಂದು ನಿಂತಿತು. ಅಪ್ಪ ಗೋಡೆಯಿಂದ ಈ ಕಡೆ ತಿರುಗಿದರು!

ಬೆರಳು ನಡುಗುತ್ತ ಗುಂಡಿ ಒತ್ತಿತು. ಬಸ್ಸು ಅಲುಗಲಿಲ್ಲ; ರಿಪೇರಿಯವನು ಚೀಲ ತಡಕಿ, ಕನ್ಸೋಲಿನಲ್ಲಿ ಏನೋ ಸರಿಮಾಡಿ, ಹಿಂದೆ ಹೋಗಿ ಕೂತ. ಅಪ್ಪ ಮತ್ತೆ ಒತ್ತಿದರು... ಬಸ್ಸು ಮೆಲ್ಲಗೆ ಹೊರಟಿತು.

"ರೈಟ್, ರೈಟ್!" ಎಂದ ಹಿಂದೆ ಕೂತಿದ್ದ ರಿಪೇರಿಯವನು.

ಅಪ್ಪ ನಕ್ಕುಬಿಟ್ಟರು. ಐದು ತಿಂಗಳಲ್ಲಿ ಮೊದಲ ಸಲ! "ಬಂದ್ಯೇನಯ್ಯಾ ಕಂಡಕ್ಟರ್! ಡಬಲ್ ಬೆಲ್ ಹೊಡಿ!"

ಅಲ್ಲಿಂದ ಅವನಿಗೆ ಅದೇ ಹೆಸರಾಯಿತು.

ಕಂಡಕ್ಟರ್ ದಿನಾ ಆರಕ್ಕೆ ಸರಿಯಾಗಿ ಹಾಜರಾಗುತ್ತಿದ್ದ. ಕೇಳಿದರೆ, "ಡಬ್ಬಿ ದಾಟಿ ಬರೋ ಹೊತ್ತಿಗೆ ಚಿತ್ರ ಸ್ವಲ್ಪ ತಡ ಆಗ್ತಿದೆ ಮೇಡಂ, ಸರಿ ಮಾಡ್ಬೇಕು" ಅನ್ನುತ್ತಿದ್ದ. ಅಪ್ಪನ ಮಂಚದ ಹಿಂದಿನ ಕುರ್ಚಿಯಲ್ಲಿ ಕೂತು, ತೊಡೆ ಮೇಲೆ ಪೇಪರ್ ಹರಡಿಕೊಂಡು, ಸ್ಟಾಪ್ ಬಂದಾಗಲೆಲ್ಲ ಕೂಗುತ್ತಿದ್ದ.

ಪುಟ್ಟಿಗೂ ಅದೇನಾಯಿತೋ! ಐದೂವರೆಗೇ ಅಂಗಡಿಯ ಗಡಿಯಾರ ನೋಡತೊಡಗುತ್ತಿದ್ದಳು. ಒಂದು ದಿನ ಕೆಮ್ಮಿನ ಔಷಧಿ ಕೇಳಿದವರಿಗೆ ಹಲ್ಲುನೋವಿನ ಮುಲಾಮು ಕೊಡಹೋಗಿ ಅಂಗಡಿಯ ಯಜಮಾನರ ಕೈಲಿ ಬೈಸಿಕೊಂಡಳು.

'ಅವನು ಬರೋದು ಅಪ್ಪನಿಗೋಸ್ಕರ ಕಣೇ, ನಿನಗೋಸ್ಕರ ಅಲ್ಲ,' ಎಂದು ಮನಸ್ಸಿಗೆ ಬುದ್ಧಿ ಹೇಳಿದಳು. ಮನಸ್ಸು ಕೇಳಬೇಕಲ್ಲ?

ಹತ್ತನೇ ದಿನ. ಕಾಫಿ ಲೋಟ ಹಿಡಿದು ಕಂಡಕ್ಟರನ ಹಿಂದಿನಿಂದ ಬಂದವಳ ಕಾಲು ಅಲ್ಲೇ ನಿಂತುಬಿಟ್ಟಿತು.

ಪೇಪರಿನ ಅಡಿಯಲ್ಲಿ ಇನ್ನೊಂದು ಕಂಟ್ರೋಲರ್! ಅವನ ತೋರುಬೆರಳು ಅದರ ಗುಂಡಿಯ ಮೇಲೆ!

ಕಾಫಿ ಚೆಲ್ಲಿದ್ದೂ ಅವಳಿಗೆ ತಿಳಿಯಲಿಲ್ಲ. ಅವನನ್ನು ಹೊರಗೆ ನಡುಮನೆಗೆ ಕರೆದಳು.

"ಏನದು?"

ಅವನ ಮುಖ ಬಿಳುಚಿಕೊಂಡಿತು. "ಮೇಡಂ... ಎರಡು ಕಂಟ್ರೋಲರ್ ಸೇರಿಸಿ ಒಬ್ಬರೇ ಆಡಿದ ಹಾಗೆ ಮಾಡಬಹುದು. ಯಾರು ಒತ್ತಿದ್ರೂ ಬಸ್ಸು ಹೋಗುತ್ತೆ. ನಾನು..."

"ಅಂದ್ರೆ ಇಷ್ಟು ದಿನ ಬಸ್ಸು ಓಡಿಸಿದ್ದು ನೀವು! ಅಪ್ಪ ಅಲ್ಲ!"

"ಪೂರ್ತಿ ಹಾಗಲ್ಲ, ಕೇಳಿ..."

"ಕೇಳೋದೇನು? ನನ್ನಪ್ಪನ ಕೈ ಸರಿಹೋಗ್ತಿದೆ ಅಂತ ನಾನು ದಿನಾ ಕಣ್ಣು ತುಂಬ ನಿದ್ದೆ ಮಾಡಿದೆ. ನೀವು ನಾಟಕ ಆಡ್ತಿದ್ರಿ! ಹೋಗಿ ಸ್ವಾಮಿ... ಇನ್ನು ಈ ಮನೆ ಮೆಟ್ಟಿಲು ಹತ್ತಬೇಡಿ."

ಅವನು ಕಂಟ್ರೋಲರನ್ನು ನಡುಮನೆಯ ಮೇಜಿನ ಮೇಲಿಟ್ಟು ಹೊರಟುಹೋದ.

*

ಕೋಪ ಬಂದಾಗ ಮನುಷ್ಯರು ಮಾಡುವ ಕೆಲಸವೇ ಬೇರೆ. ಅವನು ಮಾಡಿದ ಜೋಡಣೆಯೇ ಬೇಡ ಎಂದು ಮರುದಿನ ಪುಟ್ಟಿ ಫೋನಿನಲ್ಲಿ ಒಂದು ವಿಡಿಯೋ ಹಾಕಿಕೊಂಡು ಕೂತಳು. ಕಂಟ್ರೋಲರನ್ನು ಕಂಪ್ಯೂಟರಿಗೆ ಜೋಡಿಸುವುದು ಹೇಗೆ ಅಂತ ಯಾರೋ ಪುಣ್ಯಾತ್ಮ ಸಾವಕಾಶವಾಗಿ ಹೇಳುತ್ತಿದ್ದ. ಅವನು ಹೇಳಿದಂತೆ ಅಪ್ಪನ ಕಂಟ್ರೋಲರಿನ ಗುಂಡಿ ಒತ್ತಿ ಹಿಡಿದಳು, ದೀಪ ಮಿಣಮಿಣ ಅಂದಿತು, ಕಂಪ್ಯೂಟರ್ 'ಜೋಡಣೆ ಆಯಿತು' ಅಂದಿತು.

'ಅಷ್ಟೇನಾ? ಇದಕ್ಕೆ ಅವನು ಬೇಕಿತ್ತಾ?' ಎಂದುಕೊಂಡು ಕನ್ಸೋಲಿನಲ್ಲಿ ಬಸ್ಸಿನ ಗೇಮ್ ಹಾಕಿದಳು.

ಅಪ್ಪ ಒತ್ತಿದರು. ಬಸ್ಸು ಅಲುಗಲಿಲ್ಲ.

ಮತ್ತೆ ಒತ್ತಿದರು. ಬೆರಳಿನ ಗೆಣ್ಣು ಬಿಳಿಯಾಗುವ ಹಾಗೆ ಒತ್ತಿದರು. ಹಸಿರು ಬಸ್ಸು ನಿಂತಲ್ಲೇ ನಿಂತಿತ್ತು.

ಪುಟ್ಟಿ ಓಡಿಹೋಗಿ ಎರಡನೇ ಕಂಟ್ರೋಲರನ್ನೂ ತಂದು ಹಾಗೆಯೇ ಜೋಡಿಸಿದಳು. ಅದೂ ಅಷ್ಟೇ.

"ಕಂಡಕ್ಟರ್ ಎಲ್ಲಿ ಪುಟ್ಟಿ? ಅವನು ಇದ್ದಾಗ ಹೋಗ್ತಿತ್ತಲ್ಲ..."

"ಅವನು ಇದ್ದಾಗ ಓಡಿಸ್ತಿದ್ದದ್ದು ನೀವಲ್ಲ ಅಪ್ಪ, ಅವನು!"

ಬಾಯಿಂದ ಬಂದೇಬಿಟ್ಟಿತು! ನಾಲಗೆ ಕಚ್ಚಿಕೊಂಡಳು. ಏನು ಪ್ರಯೋಜನ?

ಅಪ್ಪ ಎಡಗೈಯಿಂದ ಬಲಗೈಯನ್ನು ಎತ್ತಿ ಹೊದಿಕೆಯ ಒಳಗೆ ಇಟ್ಟುಕೊಂಡರು. "ಹೋಯ್ತು ಬಿಡಮ್ಮಾ," ಎಂದು ಗೋಡೆಯ ಕಡೆ ತಿರುಗಿದರು.

ಮೂರು ದಿನ ಎರಡು ತುತ್ತಿಗಿಂತ ಹೆಚ್ಚು ಊಟವಿಲ್ಲ, ನಾಲ್ಕು ಮಾತಿಗಿಂತ ಹೆಚ್ಚು ಮಾತಿಲ್ಲ. ಪುಟ್ಟಿ ಬೇಡಿಕೊಂಡಳು, ಬೈದಳು, ಕೊನೆಗೆ ಮಂಚದ ಪಕ್ಕ ಸುಮ್ಮನೆ ಕೂತಳು. ಎಲ್ಲರಿಗೂ ಎಲ್ಲದಕ್ಕೂ ಮದ್ದು ತೆಗೆದುಕೊಡುವ ಅವಳ ಕೈಲಿ ಈ ಮನೆಯ ಒಂದು ಬೆರಳಿಗೆ ಏನೂ ಮಾಡಲು ಆಗುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಫಿಸಿಯೋ ಮೇಡಂ ಬಂದರು. ಹಿಡಿತ ಅಳೆಯುವ ಯಂತ್ರವನ್ನು ಅಪ್ಪನ ಬಲಗೈಗೆ ಒತ್ತಾಯದಿಂದ ಹಿಡಿಸಿದರು. ಮುಳ್ಳು ನೋಡಿ ಹುಬ್ಬೇರಿಸಿದರು.

"ಅರೆ! ಹೋದ ಸಲಕ್ಕಿಂತ ಎರಡರಷ್ಟಾಗಿದೆಯಲ್ಲ! ಏನು ಮಾಡಿಸಿದ್ರಿ?"

ಪುಟ್ಟಿ ಬಗ್ಗಿ ಮುಳ್ಳು ನೋಡಿದಳು. ಅಪ್ಪ ಮಾತ್ರ ಕಣ್ಣು ಬಿಡಲಿಲ್ಲ. "ಆ ಯಂತ್ರಾನೂ ನಿಮ್ಮ ಜೊತೆ ಸೇರ್ಕೊಂಡಿದೆ," ಎಂದರು.

ಕೈಯಲ್ಲಿ ಶಕ್ತಿ ಇದೆ. ಹಾಗಾದರೆ ಬಸ್ಸು ಯಾಕೆ ಹೋಗಲಿಲ್ಲ?

ಮೇಡಂ ಹೋದ ಮೇಲೆ ಪುಟ್ಟಿ ಕಂಪ್ಯೂಟರಿನಲ್ಲಿ ಹುಡುಕಿದಳು. ಜೋಡಣೆಯಾದ ವಸ್ತುಗಳ ಪಟ್ಟಿಯಲ್ಲಿ ಎರಡೂ ಕಂಟ್ರೋಲರ್‌ಗಳು ಒಂದರ ಕೆಳಗೊಂದು ಜೋಡಿಯಾಗಿ ಕೂತಿದ್ದವು. ಕಂಪ್ಯೂಟರಿಗೆ! ಬಸ್ಸು ಇರುವುದು ಕನ್ಸೋಲಿನಲ್ಲಿ, ಕಂಪ್ಯೂಟರ್ ಅದರ ಚಿತ್ರ ತೋರಿಸುತ್ತದೆ ಅಷ್ಟೇ. ಅಪ್ಪ ಉಸಿರು ಬಿಗಿಹಿಡಿದು ಒತ್ತಿದ್ದೆಲ್ಲ ಕಂಪ್ಯೂಟರಿಗೆ ಹೋಗಿತ್ತು. ಕನ್ಸೋಲಿಗೆ ಒಂದು ಚೂರೂ ತಲುಪಿರಲಿಲ್ಲ!

'ನಾನು... ನಾನೇ ಮಾಡಿದ್ದು ಇದನ್ನ!'

*

ಊಟದ ಬಿಡುವಿನಲ್ಲಿ ಅವಳು ರಿಪೇರಿ ಅಂಗಡಿಯ ಮುಂದೆ ಹೋಗಿ ನಿಂತಳು. ಅವನು ತಲೆ ಎತ್ತಲಿಲ್ಲ, ಸ್ಕ್ರೂ ಬಿಚ್ಚುತ್ತಲೇ ಇದ್ದ.

"ಇನ್ನೂ ಬೈಯೋದು ಬಾಕಿ ಇತ್ತಾ ಮೇಡಂ?"

"ಇಲ್ಲ... ಬೈಸ್ಕೊಳ್ಳೋಕೆ ಬಂದೆ."

ಎಲ್ಲವನ್ನೂ ಹೇಳಿದಳು. ಅಪ್ಪನಿಗೆ ಅಂದುಬಿಟ್ಟ ಮಾತನ್ನು ಹೇಳುವಾಗ ಅಳು ತಡೆಯಲಾಗಲಿಲ್ಲ. ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ.

"ಮೊದಲನೇ ದಿನ ನಿಮ್ಮಪ್ಪ ಒತ್ತಿದ್ರು, ಬಸ್ಸು ಹೋಗಲಿಲ್ಲ. ಬಿದ್ದ ಮೇಲೆ ಕೈ ಪೂರ್ತಿ ಸೋತಿತ್ತು. ತಿರುಗಿ ನನ್ನ ಮುಖ ನೋಡಿದ್ರು ಮೇಡಂ... ಆ ನೋಟ ನೋಡೋಕಾಗಲಿಲ್ಲ. ರಿಪೇರಿಗೆ ಅಂತ ತಂದಿದ್ದ ಕಂಟ್ರೋಲರ್ ಚೀಲದಲ್ಲಿತ್ತು, ಸೇರಿಸಿಬಿಟ್ಟೆ. ದಿನಾ ಸ್ವಲ್ಪ ಸ್ವಲ್ಪ ಕಮ್ಮಿ ಒತ್ತಿದೆ. ಕೊನೆ ನಾಲ್ಕು ದಿನ ಒತ್ತಲೇ ಇಲ್ಲ. ನಡೆಯೋಕೆ ಕಲಿಯೋ ಮಗು ಹಿಂದೆ ಕೈ ಚಾಚಿಕೊಂಡು ಹೋಗ್ತೀವಲ್ಲ, ಹಾಗೆ ಬೆರಳು ಇಟ್ಕೊಂಡು ಕೂತಿದ್ದೆ ಅಷ್ಟೇ."

"ನನಗಾದ್ರೂ ಹೇಳಬಹುದಿತ್ತಲ್ಲ!"

"ಹೇಳಬೇಕಿತ್ತು. ಅದು ನನ್ನ ತಪ್ಪೇ. ನೀವು ದಿನಾ ಅಷ್ಟು ಸಂತೋಷದಿಂದ ಬಾಗಿಲು ತೆಗೀತಿದ್ರಿ... ಧೈರ್ಯ ಬರಲಿಲ್ಲ."

ಪುಟ್ಟಿ ಮೂಗು ಒರೆಸಿಕೊಂಡಳು. ಏನೋ ಹೊಳೆಯಿತು.

"ಕೊನೆ ನಾಲ್ಕು ದಿನ ಒತ್ತಲಿಲ್ಲ ಅಂದ್ರಿ. ಮತ್ತೆ ಯಾಕೆ ಬಂದ್ರಿ?"

ಅವನ ಕಿವಿ ಕೆಂಪಾಯಿತು. "ಚಿತ್ರ... ತಡ ಆಗ್ತಿತ್ತಲ್ಲ..."

"ನಿಜ ಹೇಳಿ."

"ಚಿತ್ರ ಎರಡನೇ ದಿನವೇ ಸರಿಹೋಗಿತ್ತು ಮೇಡಂ," ಎಂದ ಅವನು, ನೆಲ ನೋಡುತ್ತ. "ನಿಮ್ಮನ್ನ ನೋಡದೆ ಮನೆಗೆ ಹೋಗೋಕೆ ಮನಸ್ಸಾಗ್ತಿರಲಿಲ್ಲ."

ಪುಟ್ಟಿಗೆ ಖುಷಿಪಡಲೂ ಆಗಲಿಲ್ಲ... ಮನೆಯಲ್ಲಿ ಅಪ್ಪ ಗೋಡೆ ನೋಡಿಕೊಂಡು ಮಲಗಿದ್ದರು.

"ಸಂಜೆ ಬನ್ನಿ," ಎಂದಳು. "ಅಪ್ಪ ನಂಬ್ತಾರೋ ಇಲ್ವೋ ಗೊತ್ತಿಲ್ಲ. ನನ್ನ ಕೈಲಿ ಏನೂ ಆಗ್ತಿಲ್ಲ."

*

ಕಂಡಕ್ಟರ್ ಅಪ್ಪನ ಕಂಟ್ರೋಲರನ್ನು ವೈರಿನಲ್ಲಿ ಕನ್ಸೋಲಿಗೆ ಚುಚ್ಚಿ ನಡುವಿನ ಗುಂಡಿ ಒತ್ತಿದ. ಅದು ಕಂಪ್ಯೂಟರನ್ನು ಬಿಟ್ಟು ಕನ್ಸೋಲಿಗೆ ಬಂದಿತು. ಒಂದು ನಿಮಿಷದ ಕೆಲಸ! ಅಪ್ಪನ ಮನಸ್ಸನ್ನು ತಿರುಗಿಸುವುದು ಒಂದು ನಿಮಿಷದ ಕೆಲಸವಾಗಿರಲಿಲ್ಲ.

"ಬೇಡ ಕಣಯ್ಯಾ. ನೀನು ಎಲ್ಲೋ ಕೈ ಹಾಕ್ತೀಯ, ಬಸ್ಸು ಹೋಗುತ್ತೆ. ಮುದುಕನ್ನ ಎಷ್ಟು ಸಲ ಯಾಮಾರಿಸ್ತೀರಿ?"

"ಆ ಇನ್ನೊಂದು ಕಂಟ್ರೋಲರ್ ನಡುಮನೆಯಲ್ಲೇ ಇಟ್ಟಿದೀನಿ ಯಜಮಾನ್ರೇ."

"ನನಗೇನು ಗೊತ್ತು? ಇವಳೂ ಸೇರಿಕೊಂಡಿರಬಹುದು."

ಪುಟ್ಟಿ ಮಂಚದ ಬದಿ ಮೊಣಕಾಲೂರಿ ಕೂತಳು. "ಅಪ್ಪಾ, ಆವತ್ತು ಬಸ್ಸು ನಿಲ್ಲಿಸಿದ್ದು ನಾನು. ತಪ್ಪು ಜಾಗಕ್ಕೆ ಜೋಡಿಸಿದ್ದೆ. ನಿಮ್ಮ ಕೈ ಸೋತಿರಲಿಲ್ಲ... ಒಂದೇ ಒಂದು ಸಲ ಒತ್ತಿ ಅಪ್ಪಾ. ನಿಮ್ಮ ಕಾಲಿಗೆ ಬೀಳ್ತೀನಿ."

ಅಪ್ಪ ಮಗಳ ಮುಖ ನೋಡಿದರು. ಆಮೇಲೆ ಎಡಗೈ ಊರಿ ಮೆಲ್ಲನೆ ಎದ್ದು ಕೂತರು.

"ಸರಿ. ಇಬ್ಬರೂ ಪರದೆ ಪಕ್ಕ ಬಂದು ನಿಲ್ಲಿ. ನನಗೆ ಕಾಣೋ ಹಾಗೆ."

ನಿಂತರು.

"ಕೈ ಹಿಂದೆ ಕಟ್ಟಬೇಡ ಕಂಡಕ್ಟರ್, ಮುಂದೆ ತಾ! ಪುಟ್ಟಿ, ನೀನೂ. ಒಬ್ಬರ ಕೈ ಒಬ್ಬರು ಹಿಡ್ಕೊಳ್ಳಿ. ಎರಡೂ ಕೈ! ನಾನು ಹೇಳೋವರೆಗೂ ಬಿಡಕೂಡದು."

ಪುಟ್ಟಿ ತಲೆ ತಗ್ಗಿಸಿ ಕೈ ಚಾಚಿದಳು. ಅವನ ಅಂಗೈ ಬೆವೆತಿತ್ತು. ಅವಳದ್ದೂ ಅಷ್ಟೇ.

ಅಪ್ಪ ಒತ್ತಿದರು.

ಬಸ್ಸು ಅಲುಗಲಿಲ್ಲ.

ಪುಟ್ಟಿ ಕಣ್ಣು ಮುಚ್ಚಿಕೊಂಡಳು. 'ಮೂರು ದಿನ ಸುಮ್ಮನಿದ್ದ ಬೆರಳು... ಹೋಯಿತಾ? ನನ್ನಿಂದಲೇ ಹೋಯಿತಾ?' ಅವಳಿಗೇ ಗೊತ್ತಿಲ್ಲದೆ ಅವನ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು. ಅವನೂ ಬಿಗಿಯಾಗಿ ಹಿಡಿದ. ಅಪ್ಪನ ಉಸಿರು ಕೇಳುತ್ತಿತ್ತು.

ಆಮೇಲೆ ಎಂಜಿನ್ ಗುರ್ ಎಂದಿತು.

ಕಣ್ಣು ಬಿಟ್ಟಾಗ ಬಸ್ಸು ತುಸು ಮುಂದಿತ್ತು. ನಿಂತಿತು. ಮತ್ತೆ ಹೊರಟಿತು. ನೇರ ಹೋಗಿ ರಸ್ತೆ ಬದಿಯ ಕಂಬಕ್ಕೆ ಗುದ್ದಿತು!

"ಹೋ! ಗುದ್ದಿದೆ ಕಣೇ!" ಅಪ್ಪ ಕೂಗಿದರು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. "ಮೂವತ್ತೆರಡು ವರ್ಷ ಒಂದು ಗೀರೂ ಮಾಡಿದೋನಲ್ಲ... ಈ ಗುದ್ದು ನಂದೇ! ನಾನೇ ಗುದ್ದಿದ್ದು!"

ಪುಟ್ಟಿ ಬಿಕ್ಕಿ ಬಿಕ್ಕಿ ಅತ್ತಳು. ಕಣ್ಣೊರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಅಪ್ಪ ಬಸ್ಸು ಹಿಂದಕ್ಕೆ ತೆಗೆದು ರಸ್ತೆಗೆ ತಂದರು. ಒಂದು ಸ್ಟಾಪ್ ದಾಟಿತು, ಎರಡು ದಾಟಿತು. ಮೂರನೆಯದರ ಹತ್ತಿರ ಅವರ ಕಣ್ಣು ಪರದೆಯ ಪಕ್ಕಕ್ಕೆ ಹೊರಳಿತು.

"ಏನ್ರಯ್ಯಾ, ಇನ್ನೂ ಕೈ ಹಿಡ್ಕೊಂಡೇ ಇದೀರಾ?"

"ನೀವು ಬಿಡಿ ಅಂದಿಲ್ವಲ್ಲ ಯಜಮಾನ್ರೇ," ಎಂದ ಕಂಡಕ್ಟರ್, ಹೆದರಿಕೊಂಡೇ.

ಅಪ್ಪ ಮಗಳ ಕಡೆ ನೋಡಿದರು. "ನೀನೇನಂತೀಯ ಪುಟ್ಟಿ? ಬಿಡಿ ಅನ್ನಲಾ?"

ಪುಟ್ಟಿ ತಲೆ ಎತ್ತಲಿಲ್ಲ. "ಬೇಡ ಅಪ್ಪಾ," ಎಂದಳು.