ತುಂಬಿದ ತರಗತಿ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಇಲಾಖೆಯಿಂದ ಇ-ಮೇಲ್ ಬಂತು. ಕುಂದಗೋಳ ತಾಲೂಕಿನ ಆ ಹಳ್ಳಿಯ ಸರ್ಕಾರಿ ಪದವಿ ಕಾಲೇಜಿನಲ್ಲಿ ಗುರುವಾರ ತಪಾಸಣೆ. ತರಗತಿಯಲ್ಲಿ ಸಾಕಷ್ಟು ವಿದ್ಯಾರ್ಥಿಗಳು ಕಾಣದಿದ್ದರೆ ಕಾಲೇಜನ್ನು ತಾಲೂಕು ಕೇಂದ್ರದ ಕಾಲೇಜಿನೊಂದಿಗೆ ವಿಲೀನ ಮಾಡಲಾಗುವುದು.

ಪ್ರಭಾರ ಪ್ರಾಚಾರ್ಯ ಪಂಢರಿನಾಥ ಅದನ್ನು ಎರಡು ಸಲ ಓದಿದರು. ಕಾಲೇಜು ಹೋದರೆ ಅವರ ಕುರ್ಚಿಯೂ ಹೋಗುತ್ತದೆ. ಹೆಚ್ಚುವರಿಯಾದ ಅಧ್ಯಾಪಕರನ್ನು ಇಲಾಖೆ ಖಾಲಿ ಜಾಗಕ್ಕೆ ಕಳಿಸುತ್ತದೆ, ಖಾಲಿ ಜಾಗ ಯಾವಾಗಲೂ ಇರುವುದು ಬೀದರ್ ಕಡೆಗೆ. ಹುಬ್ಬಳ್ಳಿಯ ಮನೆ, ಸಂಜೆಯ ಚಹಾ, ಅದರ ಜೊತೆ ಹೆಂಡತಿ ದ್ವಾರಕಾಬಾಯಿ ಚುರುಮುರಿಗೆ ಒಗ್ಗರಣೆ ಹಾಕಿ ಕಲಸಿಕೊಡುವ ಗಿರಮಿಟ್ಟು ಒಂದೊಂದಾಗಿ ಅವರ ಕಣ್ಣ ಮುಂದೆ ಹಾದುಹೋದವು.

ಸರ್ಕಾರದ ಮೇಲೆ ಅವರ ಸಿಟ್ಟು ಹಳೆಯದು. ಅದು ಎರಡಂತಸ್ತಿನ ಕಟ್ಟಡ ಕೊಟ್ಟಿತು, ಬಸ್ಸು ಕೊಡಲಿಲ್ಲ. ಅಧ್ಯಾಪಕರ ಹುದ್ದೆ ಮಂಜೂರು ಮಾಡಿತು, ತುಂಬಲಿಲ್ಲ. ಪಾಠವೆಲ್ಲ ಅತಿಥಿ ಉಪನ್ಯಾಸಕರದ್ದೇ. ಸುತ್ತಲಿನ ಹಳ್ಳಿಗಳಿಗೆ ಬಸ್ಸು ಬಿಡಿಸಿರೆಂದು ಎಷ್ಟು ಬರೆದರೂ ಉತ್ತರವಿಲ್ಲ. ಈಗ ಮಕ್ಕಳೆಲ್ಲಿ ಎಂದು ಕೇಳಲು ಬರುತ್ತಿದ್ದಾರೆ. ಇಂಥವರಿಗೆ ಮೋಸ ಮಾಡುವುದು ತಪ್ಪಲ್ಲ ಎಂದು ಪಂಢರಿನಾಥರಿಗೆ ಅನ್ನಿಸಿತು. ಊಟದ ಹೊತ್ತಿಗೆ ಅದು ಕರ್ತವ್ಯವೆಂದೇ ಅನ್ನಿಸಿತು.

ಸುಳ್ಳು ಹೆಸರು ಬರೆದು ಸಿಕ್ಕಿಬೀಳುವವರು ದಡ್ಡರು ಎಂಬುದು ಅವರ ಸಿದ್ಧಾಂತ. ಆ ವರ್ಷದ ಪ್ರವೇಶದ ಕಾಲಕ್ಕೇ ಅವರು ಪಿಯುಸಿ ಮುಗಿಸಿ ಮನೆಯಲ್ಲಿದ್ದ ಊರಿನ ಸೊಸೆಯರನ್ನೂ ಟ್ರ್ಯಾಕ್ಟರ್ ಓಡಿಸುವ ಹುಡುಗರನ್ನೂ ಹುಡುಕಿ ಬಿ.ಎ.ಗೆ ಸೇರಿಸಿದ್ದರು. ಅಂಕಪಟ್ಟಿ ಅಸಲಿ, ಆಧಾರ್ ಅಸಲಿ, ಮನೆಗೇ ಕಳಿಸಿದ ಗುರುತಿನ ಚೀಟಿಯೂ ಅಸಲಿ. ಅವರು ಕಾಲೇಜಿಗೆ ಬಂದಿರಲಿಲ್ಲ, ಅಷ್ಟೆ. ದಿನವೂ ಬರುತ್ತಿದ್ದವರು ಹನ್ನೊಂದು ಮಂದಿ. ಗುರುವಾರ ಒಂದು ತಾಸು ಉಳಿದವರನ್ನೂ ತಂದು ಕೂಡಿಸಿದರಾಯಿತು. ಅಧಿಕಾರಿ ಯಾರ ಹೆಸರು ಕೇಳಿದರೂ ಬರುವ ಉತ್ತರ ನಿಜವೇ.

ಮಂದಿಯನ್ನು ಕೂಡಿಸುವ ಕೆಲಸ ಮಹಿಳಾ ಸಂಘದ ಸುಶೀಲವ್ವನದಾಯಿತು. ಅವಳ ಸೊಸೆ ಅಮೃತಾಳ ಹೆಸರೂ ಬಿ.ಎ.ಯಲ್ಲಿತ್ತು.

“ಸರ, ಓದಾಕ ಬರಬೇಕೇನ್ರಿ, ಕುಂಡ್ರಾಕ ಬರಬೇಕೇನ್ರಿ?”

“ಬರೇ ಕೂಡಲಿಕ್ಕವಾ.”

“ಹಂಗಾರ ಅಗದಿ ಸಲೀಸ ಬಿಡ್ರಿ. ಅದು ನಮ್ಮ ಗಂಡಸರಿಗೂ ಬರತೈತಿ.”

ಬುಧವಾರ ಸಂಜೆ ಮಠದ ಪ್ರಸಾದ ನಿಲಯದಲ್ಲಿ ತಾಲೀಮು ನಡೆಯಿತು. ಕೂಸುಗಳನ್ನು ತರಬಾರದು. ಅಧಿಕಾರಿ ಬಂದೊಡನೆ ಏಳಬೇಕು, ಕೂಡು ಎಂದ ಮೇಲೇ ಕೂಡಬೇಕು. ಟ್ರ್ಯಾಕ್ಟರಿನ ಮಾಂತೇಶ ಹಿಂದಿನ ಬೆಂಚಿನಲ್ಲಿ ಕೂತು ಬಾಯಿ ಮುಚ್ಚಿಕೊಂಡಿರಬೇಕು. ಹನ್ನೊಂದು ಮಂದಿ ಹಳಬರು ಹೊಸಬರ ನಡುವೆ ಚದುರಿ ಕೂತು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಅತಿಥಿ ಉಪನ್ಯಾಸಕ ಗೌರೀಶ ಮಾತ್ರ ತಲೆ ಕೆರೆದುಕೊಂಡ.

“ನಾ ಏನ್ ಮಾಡ್ಲಿ ಸರ?”

“ಪಾಠ ಮಾಡಪಾ. ಸರ್ಕಾರ ನಿನಗ ಅದಕ್ಕs ಪಗಾರ ಕೊಡ್ತದ.”

“ಕೊಟ್ರ ಚೊಲೋ ಆಗ್ತಿತ್ರಿ.”

ಗುರುವಾರ ಪಂಢರಿನಾಥ ಬೇಗ ಬಂದು ತರಗತಿಯ ಗೋಡೆಯ ಮೇಲಿದ್ದ ಸರಸ್ವತಿಯ ಪಟದ ಧೂಳು ತಾವೇ ಒರೆಸಿದರು. ಮಲ್ಲಿಗೆ ಮಾಲೆ ಹಾಕಿ ಊದುಬತ್ತಿ ಹಚ್ಚಿದರು. ಯೋಜನೆಯಲ್ಲಿ ಅದು ಇರಲಿಲ್ಲ. ಆದರೆ ಯಾವ ಅಧಿಕಾರಿಗೂ ಶ್ರದ್ಧೆ ಇಷ್ಟವಾಗುತ್ತದೆ ಎಂದು ಅವರ ಅನುಭವ ಹೇಳುತ್ತಿತ್ತು.

ಜಂಟಿ ನಿರ್ದೇಶಕಿ ರೋಹಿಣಿ ಹೇಳಿದ ವೇಳೆಗೇ ಬಂದರು. ತರಗತಿಯ ಹೊಸ್ತಿಲ ಬಳಿ ಒಂದು ಕ್ಷಣ ನಿಂತರು. ತುಂಬಿದ ಕೋಣೆ ನೋಡಿ ಬೆರಗಾಗಿದ್ದಾರೆ ಎಂದುಕೊಂಡು ಪಂಢರಿನಾಥ ಅವರ ಹಿಂದೆಯೇ ಒಳಗೆ ಬಂದರು. ಎಲ್ಲರೂ ಒಟ್ಟಿಗೆ ಎದ್ದು ನಮಸ್ಕಾರ ಹೇಳಿದರು. ರೋಹಿಣಿ ಎಲ್ಲರಿಗೂ ಕೂಡಲು ಹೇಳಿ, ಬೆಂಚಿನಿಂದ ಬೆಂಚಿಗೆ ನಡೆದು ಗುರುತಿನ ಚೀಟಿ ನೋಡಿದರು, ಕೈಯಲ್ಲಿದ್ದ ಟ್ಯಾಬಿನೊಂದಿಗೆ ತಾಳೆ ಹಾಕಿದರು. ಒಂದು ಹೆಸರೂ ತಪ್ಪಲಿಲ್ಲ. ಪಂಢರಿನಾಥರ ಮೂಗಿಗೆ ಆಗಲೇ ಗಿರಮಿಟ್ಟಿನ ಒಗ್ಗರಣೆ ಬಡಿಯತೊಡಗಿತು.

“ದಿನಾ ಬರ್ತೀರೇನವಾ?” ಎಂದು ರೋಹಿಣಿ ಅಮೃತಾಳನ್ನು ಕೇಳಿದರು.

“ಹೌದ್ರಿ ಮೇಡಂ.”

“ಪ್ರಾಚಾರ್ಯರೂ ಕ್ಲಾಸ್ ತಗೋತಾರ?”

“ಭಾಳ ಚೊಲೋ ಹೇಳ್ತಾರ್ರಿ,” ಎಂದಳು ಅಮೃತಾ. ಇದನ್ನು ಯಾರೂ ಕಲಿಸಿರಲಿಲ್ಲ. ಇಂಥ ಜಾಣೆ ದಿನಾ ಬಂದಿದ್ದರೆ ಒಂದು ರ‍್ಯಾಂಕೇ ಬರುತ್ತಿತ್ತಲ್ಲ ಎಂದು ಪಂಢರಿನಾಥ ಹಿಗ್ಗಿದರು.

ರೋಹಿಣಿ ಟ್ಯಾಬ್ ಮುಚ್ಚಿದರು. “ಒಂದ ಕೆಲಸ ಮಾಡ್ರಿ. ಕಾಲಾಗ ಚಪ್ಪಲಿ ಇದ್ದವರಷ್ಟ ಎದ್ದ ನಿಲ್ರಿ.” ಹನ್ನೊಂದು ಮಂದಿ ಎದ್ದರು. ಪಾಠ ನಿಲ್ಲಿಸಿದ್ದ ಗೌರೀಶನ ಕಾಲಲ್ಲೂ ಚಪ್ಪಲಿ ಇದ್ದವು. ಮಿಕ್ಕವರೆಲ್ಲ ಮಲ್ಲಿಗೆ, ಊದುಬತ್ತಿ ಕಂಡು ಮಠಕ್ಕೆ ಹೋದವರಂತೆ ಬಾಗಿಲಾಚೆ ಗೋಡೆಗುಂಟ ಚಪ್ಪಲಿ ಬಿಟ್ಟು ಬಂದಿದ್ದರು. ತರಗತಿಗೆ ದಿನಾ ಬರುವವರಿಗೆ ಆ ರೂಢಿಯಿಲ್ಲ. “ಮತ್ತ ನೀವ್ ಸರ?” ಎಂದರು ರೋಹಿಣಿ. ಪಂಢರಿನಾಥ ಕೆಳಗೆ ನೋಡಿದರು. ತಮ್ಮ ಚೇಂಬರ್ ಬಿಟ್ಟು ಪಾಠಕ್ಕೆಂದು ಎಂದೂ ಆ ಕೋಣೆಗೆ ಬಂದವರಲ್ಲ ಅವರು. ಅವರ ಕರಿ ಬೂಟುಗಳೂ ಹೊರಗೆ ಆ ಸಾಲಿನ ಕೊನೆಯಲ್ಲಿದ್ದವು. ಜೂನ್‌ನಲ್ಲಿ ಕಾಲೇಜು ವಿಲೀನವಾಯಿತು, ಪಂಢರಿನಾಥ ಬೀದರಿಗೆ ಹೋದರು. ವಿದ್ಯಾರ್ಥಿಗಳನ್ನು ತಾಲೂಕು ಕೇಂದ್ರಕ್ಕೆ ಒಯ್ಯಲು ಸರ್ಕಾರ ಊರಿಗೆ ಒಂದು ಬಸ್ಸು ಬಿಟ್ಟಿತು. ಮೊದಲ ದಿನ ಅದನ್ನು ಹತ್ತಿದವರು ಹನ್ನೆರಡು ಮಂದಿ, ಹನ್ನೆರಡನೆಯವಳು ಅಮೃತಾ.