ಬೇರೆಯವನ ಹೆಗಲ ಮೇಲಿನ ಕಂಬಳಿ

ಬಿಡದಿಯ ಫ್ಯಾಕ್ಟರಿ ಗೇಟಿನೆದುರಿನ ಟೀ ಅಂಗಡಿಯಲ್ಲಿ ರಮ್ಯ ಕೂತಿದ್ದಳು. ಕ್ಯಾಂಟೀನಿನ ಏಪ್ರನ್ನಿನಲ್ಲೇ ಹೊರಬಂದ ಬೈರೇಶ ಅವಳನ್ನು ಕಂಡು ಅಲ್ಲೇ ನಿಂತುಬಿಟ್ಟ. ಅಯ್ಯೋ ಶಿವನೇ, ಅವಳು ನಂಬಿದಂತೆ ಅವನೀಗ ಭೂತಾನಕ್ಕೆ ಹೋಗುವ ಬೆಟ್ಟದ ಹೆದ್ದಾರಿಯಲ್ಲಿರಬೇಕಿತ್ತು!

"ಏನ್ ಬಾವ, ಭೂತಾನ ಇಷ್ಟು ಹತ್ರ ಐತೆ ಅಂತ ಗೊತ್ತಿರ್ಲಿಲ್ಲ."

ತುಟಿಯಲ್ಲಿ ನಗುವಿತ್ತು, ಕಣ್ಣಲ್ಲಿರಲಿಲ್ಲ.

ಕೋಡಿಹಳ್ಳಿಯ ಕ್ವಾರಿಯಲ್ಲಿ ಬಂಡೆ ಕೊರೆಯುವುದರಲ್ಲಿ ಎತ್ತಿದ ಕೈ ಎಂದೇ ಅವನನ್ನು ಆ ರಸ್ತೆ ಮಾಡುವ ಕೆಲಸಕ್ಕೆ ಕರೆದಿದ್ದರು. ನನ್ನ ಅಳಿಯನಾಗುವವನು ಗಡಿಗೆ ಮಿಲಿಟರಿ ಲಾರಿ ಹೋಗುವ ರಸ್ತೆ ಮಾಡುತ್ತಾನೆಂದು ಅವಳಪ್ಪ ಮಾಯಣ್ಣ ಊರೆಲ್ಲ ಸಾರಿದ್ದ. ಹನ್ನೊಂದನೇ ದಿನ ಗುಡ್ಡ ಕುಸಿಯಿತು. ಬೈರೇಶ ಎದ್ದೆನೋ ಬಿದ್ದೆನೋ ಎಂದು ಓಡಿಬಂದ. ಅಂದಿನಿಂದ ಇಲ್ಲಿ ತಟ್ಟೆ ತೊಳೆಯುತ್ತಾ, ಅಲ್ಲೇ ಉಳಿದ ಗೆಳೆಯ ಆಫ್ತಾಬ್ ಕಳಿಸುವ ಫೋಟೊಗಳನ್ನು ತಾನೇ ತೆಗೆದದ್ದೆಂದು ಅವಳಿಗೆ ವಾಟ್ಸಾಪ್ ಮಾಡುತ್ತಿದ್ದ.

"ಯೆಂಗ್ ಗೊತ್ತಾಯ್ತು?"

ಅವಳು ಫೋನ್ ತೋರಿಸಿದಳು. ಮೊನ್ನೆ ಅವನೇ ಕಳಿಸಿದ ಫೋಟೊ. ಹಿಮದ ರಸ್ತೆಯಲ್ಲಿ ಆಫ್ತಾಬ್, ಹೆಗಲ ಮೇಲೆ ಕರಿ ಕಂಬಳಿ.

"ನಮ್ಮ ಕುರಿ ಉಣ್ಣೆ. ಅಂಚಿನ ಕೆಂಪು ದಾರ ನಾನೇ ಹೊಲ್ದಿದ್ದು. ನಿಂಗೆ ಹೇಳ್ದೆ ಕ್ಯಾಂಪಿಗೆ ಪಾರ್ಸಲ್ ಮಾಡಿದ್ದೆ. ಇದ್ನ ನೋಡಿ ಕ್ಯಾಂಪಿಗೇ ಫೋನ್ ಮಾಡಿ ಕೇಳ್ದೆ. ಚಳಿ ತಡೀನಾರ್ದೆ ಹೊದ್ಕಂಡೆ ಕಣಮ್ಮ ಅಂತ ಆಫ್ತಾಬಣ್ಣ ಎಲ್ಲಾ ಹೇಳ್ಬುಟ್ರು, ಪಾಪ."

ಅವನು ಏಪ್ರನ್ ಬಿಚ್ಚಿ, ಮುದುರಿ ಬೆನ್ನ ಹಿಂದೆ ಹಿಡಿದ.

"ಹೇಡಿ ನಾನು. ನಿಮ್ಮಪ್ಪಂಗೆ ಹೇಳಿ ಬೇರೆ ಗಂಡು ನೋಡ್ಕೋ ರಮ್ಯ."

"ಥೂ, ಬಾಯ್ಮುಚ್ಚು! ಜೀವ ಉಳಿಸ್ಕಂಡು ಬಂದೋನ್ಗೆ ಯಾರ್ ಬೈತಾರೆ? ಇಲ್ಲಿ ಹಿಮ ಬೀಳ್ತೈತೆ ಅಂತ ನೀನ್ ಬರ್ದಾಗೆಲ್ಲ ನಾನು ಹೊದಿಕೆ ಇಲ್ದೆ ಮಲಗ್ತಿದ್ದೆ, ನಿನ್ ಚಳಿ ಒಸಿ ನಂಗೂ ಇರ್ಲಿ ಅಂತ. ಎಂಟು ತಿಂಗ್ಳು! ಅದುಕ್ಕೇನ್ ಹೇಳ್ತೀಯ?"

ಅವನು ತಲೆ ತಗ್ಗಿಸಿದ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತಲೆ ಎತ್ತಿದಾಗ ಅವಳು ಅಳುತ್ತಿದ್ದಳು.

ಕನಕಪುರದ ಬಸ್ಸು ಬಂತು. ರಮ್ಯ ಕಣ್ಣೊರೆಸಿಕೊಂಡು ಎದ್ದಳು.

"ಅಪ್ಪ ಹಟ್ಟಿ ತಾವೇ ಅವ್ನೆ. ಅವ್ನಿಗೆ ನಾನು ಹೇಳಲ್ಲ, ನೀನೇ ಹೇಳ್ಬೇಕು. ಬತ್ತೀಯೋ ಇಲ್ವೋ?"

ಅವನು ಹಿಂದೆಯೇ ಹತ್ತಿ ಪಕ್ಕದಲ್ಲಿ ಕೂತ. ಮಟಮಟ ಮಧ್ಯಾಹ್ನದಲ್ಲೂ ಅವನ ಕೈ ನಡುಗುತ್ತಿತ್ತು.

ಅವಳು ಓರೆಗಣ್ಣಲ್ಲಿ ನೋಡಿದಳು. "ಚಳಿಯಾ?"

"ಅಲ್ಲ. ಭಯ."

ರಮ್ಯ ತನ್ನ ವೇಲಿನ ತುದಿಯನ್ನು ಆ ಕೈಯ ಮೇಲೆ ಹೊದಿಸಿ, ಒಳಗೆ ತನ್ನ ಕೈಯನ್ನೂ ಇಟ್ಟಳು.