ದೌಲತರಾಯರು ಮಾತು ಕೊಟ್ಟ ಲೆನ್ಸ್

1984ರ ಫೆಬ್ರುವರಿ ಹದಿಮೂರು, ಸೋಮವಾರ. ಆಳಂದದ ಫೋಟೋಗ್ರಾಫರ್ ದೌಲತರಾಯರು ಲಿಂಗೈಕ್ಯರಾಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಅಂದು ಬೆಳಿಗ್ಗೆ ಅವರ ಹೆಂಡತಿ ಸುಭದ್ರಾಬಾಯಿ ಸ್ಟುಡಿಯೋದ ಕಪಾಟು ತೆರೆದಾಗ ಕ್ಯಾಮೆರಾ ಇತ್ತು, ಅದರ ಲೆನ್ಸ್ ಇರಲಿಲ್ಲ. ಆ ಕಣ್ಣಿಲ್ಲದ ಕ್ಯಾಮೆರಾವನ್ನು ಸೆರಗಿನಲ್ಲಿ ಸುತ್ತಿಕೊಂಡು ಅವರು ಠಾಣೆಗೆ ಬಂದರು.

ಸಬ್‌ಇನ್‌ಸ್ಪೆಕ್ಟರ್ ಚಂದ್ರಾಮಪ್ಪ ಎದ್ದು ಕುರ್ಚಿ ಕೊಟ್ಟರು. ಕ್ಯಾಮೆರಾ ರೇಂಜ್‌ಫೈಂಡರ್ ಜಾತಿಯದು. ಕಿಂಡಿಯಲ್ಲಿ ಎರಡಾಗಿ ಕಾಣುವ ಮುಖವನ್ನು ಒಂದಾಗಿ ಕೂಡಿಸಿ ಗುಂಡಿ ಒತ್ತಬೇಕು.

“ಎಂಥ ಲೆನ್ಸ್ ಅದು ಅಕ್ಕಾರ?”

“ದೀಪದ ಬೆಳಕಿನ್ಯಾಗ ಫೋಟೋ ಬರ್ತಿತ್ತರಿ. ಫ್ಲ್ಯಾಶ್ ಬೇಕಾಗ್ತಿರಲಿಲ್ಲ. ಹೈದರಾಬಾದಿನ್ಯಾಗ ಯಾರೋ ಬಳಸಿದ್ದು ಹುಡುಕಿ ತಂದಿದ್ರು.”

“ಇವತ್ತ ಕಪಾಟು ಯಾಕ ತೆಗೆದ್ರಿ?”

“ಅಫಜಲಪುರದ ಫೋಟೋಗ್ರಾಫರ್ ಇಸ್ಮಾಯಿಲ ಲೆನ್ಸ್ ಕೊಳ್ಳಾಕ ಬಂದಿದ್ದ.” ಸುಭದ್ರಾಬಾಯಿ ಕಣ್ಣೊರೆಸಿಕೊಂಡರು. “ಸಾಯೂ ಮುಂದ ಇವರು, ‘ಆ ಲೆನ್ಸ್ ಒಬ್ಬಗ ಕೊಡ್ತೀನಂತ ಮಾತು ಕೊಟ್ಟೀನಿ, ಅವಗೇ ಕೊಡು’ ಅಂದ್ರು. ಹೆಸರು ಹೇಳೂದ್ರಾಗ ನಾಲಗಿ ಬಿತ್ತು. ಅದು ನಾನೇ ಅಂತಾನ ಇಸ್ಮಾಯಿಲ. ನನಗ ಲೆನ್ಸ್ ಬ್ಯಾಡ್ರಿ ಸಾಹೇಬ್ರ, ಅವರ ಮಾತು ಉಳೀಬೇಕು. ಇಲ್ಲಾಂದ್ರ ಆ ಜೀವಕ್ಕ ಶಾಂತಿ ಸಿಗಂಗಿಲ್ಲ.”

ಎಫ್.ಐ.ಆರ್. ದಾಖಲಾಯಿತು. ಮಧ್ಯಾಹ್ನ ಸ್ಟುಡಿಯೋದಲ್ಲಿ ಪಂಚನಾಮೆ ನಡೆಯಿತು. ಕಪಾಟಿನ ಬೀಗ ಮುರಿದಿರಲಿಲ್ಲ, ಬೀಗದ ಕೈ ಎಂದಿನಂತೆ ಬಾಗಿಲ ಹಿಂದಿನ ಮೊಳೆಯಲ್ಲೇ ತೂಗುತ್ತಿತ್ತು.

“ಕ್ಯಾಮೆರಾ ಬಿಟ್ಟು ಬರೇ ಕಣ್ಣು ಕಿತ್ಕೊಂಡು ಹೋಗ್ಯಾನ್ರಿ,” ಎಂದ ಪೇದೆ ಲಾಡ್ಲೆಸಾಬ. “ಸಂತ್ಯಾಗ ಮಾರೂ ಕಳ್ಳ ಅಲ್ಲ ಇವಾ, ತಿಳಿದಾಂವ.”

ಇಸ್ಮಾಯಿಲನನ್ನು ಬಸ್‌ಸ್ಟ್ಯಾಂಡಿನಿಂದ ಕರೆತಂದರು.

“ಖರೇ ಹೇಳು. ದೌಲತರಾಯ್ರು ನಿನಗ ಮಾತು ಕೊಟ್ಟಿದ್ರಾ?”

ಇಸ್ಮಾಯಿಲ ತಲೆ ತಗ್ಗಿಸಿದ. “ಇಲ್ರಿ. ಕೇಳಿದ್ದೆ, ಆಗಂಗಿಲ್ಲಂದ್ರು. ಆಸೆಗೆ ಬಿದ್ದು ಬಾಯೇರ ಮುಂದ ಸುಳ್ಳಾಡಿದೆ. ಆದ್ರ ಕದ್ದಿದ್ರ ಕೊಳ್ಳಾಕ ಯಾಕ ಬರ್ತಿದ್ದೆ ಸಾಹೇಬ್ರ? ಮಣ್ಣಿನ ದಿನಾನೇ ಎಲ್ಲಾರ ಮುಂದ ಹೇಳಿದ್ದೆ, ಇದನ್ನ ನಾನೇ ಒಯ್ತೀನಂತ.”

“ಹೆಣ ಇನ್ನೂ ಮನ್ಯಾಗಿತ್ತಲ್ಲೋ! ನಾಚಿಕಿ ಬರಲಿಲ್ಲೇನು?” ಎಂದ ಲಾಡ್ಲೆಸಾಬ.

ಸಂಜೆ ಚಂದ್ರಾಮಪ್ಪ ಸುಭದ್ರಾಬಾಯಿಯವರ ಮನೆಗೆ ಹೋದರು. ಪಡಸಾಲೆಯ ಗೋಡೆಗೆ ದೌಲತರಾಯರ ಕೊನೆಯ ಫೋಟೋ ಹಾಕಿದ್ದರು. ಮಣ್ಣು ಮಾಡುವ ಮೊದಲು ವಿಭೂತಿ ಹಚ್ಚಿ, ಹಾರ ಹಾಕಿ, ಗೋಡೆಗೆ ಆನಿಸಿ ಕೂಡಿಸಿದ ದೇಹದ ಫೋಟೋ ತೆಗೆಸುವುದು ಈ ಕಡೆಯ ರೂಢಿ. ಕೈ ಮುಗಿಯಲು ಹೋದ ಚಂದ್ರಾಮಪ್ಪ ಹಾಗೇ ನಿಂತರು. ಇಂಥ ಫೋಟೋಗಳಲ್ಲಿ ಫ್ಲ್ಯಾಶಿನಿಂದಾಗಿ ತಲೆಯ ಹಿಂದೆ ಗೋಡೆಯ ಮೇಲೆ ಕಪ್ಪು ನೆರಳು ಬೀಳುತ್ತದೆ. ಇಲ್ಲಿ ನೆರಳಿರಲಿಲ್ಲ. ಪಕ್ಕದಲ್ಲಿಟ್ಟ ಸಮೆಯ ದೀಪದ ಬೆಳಕು ಒಂದು ಕೆನ್ನೆಯ ಮೇಲೆ ಮೆಲ್ಲಗೆ ಮಲಗಿತ್ತು.

“ಇದನ್ನ ತೆಗೆದವ್ರು ಯಾರು?”

“ಜೇವರ್ಗಿ ಕಡಿ ಅಂದೋಲಾದ ಮಲ್ಲಣ್ಣರಿ. ಇವರ ಶಿಷ್ಯ. ಇಂಥದ್ದೇ ಕ್ಯಾಮೆರಾ ಅವಂದೂ ಅದ.”

“ಅವತ್ತ ಫ್ಲ್ಯಾಶ್ ಹೊಡೆದನಾ?”

ಸುಭದ್ರಾಬಾಯಿ ನೆನೆದು ನೋಡಿದರು. “ಇಲ್ರಿ... ಹೊಳೀಲಿಲ್ಲ.” ಹಾಗೆಂದವರೇ ಫೋಟೋದ ಕಡೆ ತಿರುಗಿದರು. “ಅವನಾಗಿರಬಾರ್ದು ಸಾಹೇಬ್ರ. ಈ ಮನ್ಯಾಗ ಉಂಡು ಬೆಳೆದ ಹುಡುಗ.”

ಮರುದಿನ ಜೀಪು ಅಂದೋಲಾ ಮುಟ್ಟಿದಾಗ ಮಲ್ಲಣ್ಣನ ಅಂಗಳದಲ್ಲಿ ನಾಲ್ಕಾರು ಮಂದಿ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದರು. ಅವನ ಹೆಂಡತಿ ಗುರಮ್ಮನಿಗೆ ಹಿಂದಿನ ದಿನವಷ್ಟೇ ಮಣ್ಣು ಕೊಟ್ಟಿದ್ದರು. ಪೊಲೀಸರನ್ನು ಕಂಡ ಮಲ್ಲಣ್ಣ ಗಾಬರಿಯಾಗಲಿಲ್ಲ. ಒಳಗೆ ಹೋಗಿ ಅರಿವೆಯಲ್ಲಿ ಸುತ್ತಿದ ಲೆನ್ಸ್ ತಂದು ಮುಂದಿಟ್ಟ.

“ಯಾಕ ತಗೊಂಡಿ?”

“ಗುರಮ್ಮಗ ಮೂರ್ಛೆ ರೋಗ ಇತ್ತರಿ. ನಮ್ಮ ಮದಿವ್ಯಾಗ ಫ್ಲ್ಯಾಶ್ ಹೊಳೆದಾಗ ಬಿದ್ಲು. ಆಮ್ಯಾಲ ಕ್ಯಾಮೆರಾ ಮುಂದ ಕೂಡಲೇ ಇಲ್ಲ. ಈಗ ಕಿಡ್ನಿ ಕೆಟ್ಟು ಮಲಗಿದ್ಲು, ಡಾಕ್ಟರ್ ಕೈ ಚೆಲ್ಲಿದ್ರು. ಸುತ್ತ ಊರಿನ ಹೆಣಗೋಳ ಫೋಟೋ ಎಲ್ಲಾ ನಾನೇ ತೆಗೆದೀನಿ. ನನ್ನ ಹೆಂಡ್ತೀದು ಹಂಗ ಬ್ಯಾಡ, ಕಣ್ಣು ತೆರೆದದ್ದು ಒಂದಿರ್ಲಿ ಅನಿಸ್ತು. ಗುರುಗಳೂ ಲೆನ್ಸ್ ನಿನಗೇ ಕೊಡ್ತೀನಂದಿದ್ರು.”

ಬರೆಯುತ್ತಿದ್ದ ಚಂದ್ರಾಮಪ್ಪನವರ ಕೈ ನಿಂತಿತು. “ಏನಂದಿ?”

“ನನಗೇ ಅಂದಿದ್ರು. ಸಾಕ್ಷಿ ಯಾರೂ ಇರಲಿಲ್ಲ. ಇಸ್ಮಾಯಿಲ ತಾನು ಒಯ್ತೀನಂದದ್ದು ಕೇಳಿ ಎದಿ ಒಡೀತು. ಸ್ಟುಡಿಯೋಕ್ಕ ಹೋಗಿ ತಗೊಂಡೆ. ಗುರುಗಳ ಮುಖಕ್ಕೂ ಫ್ಲ್ಯಾಶ್ ಹೊಡೆಯಾಕ ಮನಸ್ಸಾಗಲಿಲ್ಲ.”

“ಸುಭದ್ರಾಬಾಯೇರನ್ನ ಒಂದ್ ಮಾತು ಕೇಳಬೇಕಿತ್ತಲ್ಲಪ್ಪ!”

“ಗಂಡನ ಹೆಣದ ಮುಂದ ಕುಂತ ವೈನಿಗಿ ಲೆನ್ಸ್ ಕೊಡ್ರಿ ಅಂತ ಯಾವ ಬಾಯಿಲೆ ಕೇಳ್ಲಿ ಸಾಹೇಬ್ರ?”

ಲಾಡ್ಲೆಸಾಬ ಮೆಲ್ಲಗೆ ಕೇಳಿದ: “ಫೋಟೋ ಬಂತೇನು?”

ಮಲ್ಲಣ್ಣ ಜೇಬಿನಿಂದ ತೆಗೆದು ತೋರಿಸಿದ. ಗುರಮ್ಮನ ಮೂಗುತಿ ಸ್ಪಷ್ಟವಾಗಿ ಮಿನುಗುತ್ತಿತ್ತು, ಕಣ್ಣುಗಳು ಮಸುಕಾಗಿದ್ದವು. “ಕಣ್ಣಾಗ ನೀರು ತುಂಬಿ, ಕಿಂಡ್ಯಾಗ ಎರಡು ಮುಖ ಸರಿಯಾಗಿ ಕೂಡಲಿಲ್ಲರಿ. ಇನ್ನೊಮ್ಮೆ ತೆಗೆಯಾಕ ಆಕಿ ಉಳೀಲಿಲ್ಲ.”

ಪಂಚರ ಸಮಕ್ಷಮ ಲೆನ್ಸ್ ಜಪ್ತಿಯಾಯಿತು. ಫೋಟೋವನ್ನು ಅವನ ಜೇಬಿಗೇ ಮರಳಿಸಿ, ಬೇಡಿ ಹಾಕದೆ ಜೀಪಿನಲ್ಲಿ ಕೂಡಿಸಿಕೊಂಡರು. ಅಪರಾಹ್ನ ಮೂರಕ್ಕೆ ದಸ್ತಗಿರಿ ಎಂದು ಬರೆದರು.

ಸುದ್ದಿ ತಿಳಿದ ಸುಭದ್ರಾಬಾಯಿ ಠಾಣೆಗೆ ಓಡಿ ಬಂದರು. “ಅವನದೇ ವಸ್ತು ಅವ ಒಯ್ದಾನ. ಬಿಟ್ಟು ಬಿಡ್ರಿ.”

“ಅದು ನನ್ನ ಕೈಯಾಗಿಲ್ಲ ಅಕ್ಕಾರ. ಕೋರ್ಟಿನ್ಯಾಗ ಹೇಳ್ರಿ.”

“ಹೇಳ್ತೀನಿ. ಬಿಡಿಸ್ಕೊಂಡು ಬಂದು, ಲೆನ್ಸ್ ಅವನ ಕೈಯಾಗ ನಾನೇ ಇಡ್ತೀನಿ.”

ಆ ಸಂಜೆ ಪೂಜೆಗೆ ಕುಳಿತ ಚಂದ್ರಾಮಪ್ಪನವರಿಗೆ ಅಂಗೈ ಮೇಲಿನ ಲಿಂಗವೂ ಮಸುಕಾಗಿ ಕಂಡಿತು. ಕಣ್ಣೊರೆಸಿಕೊಂಡು ಬೇಡಿಕೊಂಡರು:

“ತಂದೆ, ಕೊಟ್ಟ ಮಾತಿನ ಭಾರ ದೌಲತರಾಯರ ಮೇಲೆ ಉಳಿಸಬೇಡ. ಬೆಳಕಿಗೆ ಅಂಜಿ ಬದುಕಿದ ಆ ಹೆಣ್ಣುಮಗಳನ್ನು ಕಣ್ಣು ಕುಕ್ಕದ ನಿನ್ನ ಬೆಳಕಿನಲ್ಲಿ ಇರಿಸಿಕೊ. ಇಬ್ಬರಿಗೂ ಶಾಂತಿ ಕೊಡು.”